ಫ್ಯಾಕ್ಸ್ ಕಾಗದದಿಂದ ಕಡಲ ಮಾದರಿಯವರೆಗೆ

ಕಡಲೇ ಇಲ್ಲದ ಹೈದರಾಬಾದಿನಲ್ಲಿ ಕೂತು ಮಲ್ಪೆಯವರಿಗೆ ಮೀನಿನ ಜಾಗ ತೋರಿಸುವುದುಂಟೇ? ಮೊದಮೊದಲು ನಮ್ಮ ಧಕ್ಕೆಗಳಲ್ಲಿ ಈ ಮಾತು ಹೇಳಿ ನಗುವವರೇ ಹೆಚ್ಚು. ಇಂದು ‘ಇನ್‌ಕಾಯ್ಸ್’ ಎಂದೇ ಪರಿಚಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಬಗ್ಗೆ ಬರೆದುಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದರು. ನಾನು ವಿಜ್ಞಾನಿಯಲ್ಲ. ಮೀನುಗಾರಿಕೆ ವಿಸ್ತರಣೆಯಲ್ಲಿ ದುಡಿದವನು. ಕಥೆಯನ್ನು ದಡದ ಕಡೆಯಿಂದಲೇ ಹೇಳುತ್ತೇನೆ.

ಹಿರಿಯರನ್ನು ಮೊದಲು ನೆನೆಯಬೇಕು. 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಭಾರತದ ಪಾಲಿನ ಹೊಣೆ ಹೊತ್ತವರು ಎನ್.ಕೆ. ಪಣಿಕ್ಕರ್. ಮೂಲತಃ ಅವರು ಮೀನುಗಾರಿಕೆ ವಿಜ್ಞಾನಿ. ಆ ಯಾತ್ರೆಯ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಹುಟ್ಟಿತು, ಪಣಿಕ್ಕರ್ ಅದರ ಮೊದಲ ನಿರ್ದೇಶಕರಾದರು. ನಮ್ಮ ದೇಶದ ಸಾಗರ ವಿಜ್ಞಾನ ಹುಟ್ಟಿನಿಂದಲೇ ಮೀನಿನ ನಂಟು ಹೊತ್ತಿತ್ತು ಎಂದು ನಾನು ಹಟ ಹಿಡಿದು ವಾದಿಸುವುದು ಇದೇ ಕಾರಣಕ್ಕೆ. ನಮ್ಮ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಸಮುದ್ರದ ಮೇಲ್ಮೈ ಬಿಸಿ ಸುಮಾರು 28 ಡಿಗ್ರಿ ಮುಟ್ಟದೆ ದೊಡ್ಡ ಮೋಡಗಳು ಕಟ್ಟುವುದು ಅಪರೂಪ ಎಂದು 1984ರಲ್ಲೇ ತೋರಿಸಿದರು. ಮಳೆಯ ಲೆಕ್ಕ ಹಾಕಲು ಕಡಲಿನ ಲೆಕ್ಕವೂ ಬೇಕೆಂಬುದು ಅಲ್ಲಿಂದ ಗಟ್ಟಿಯಾಯಿತು.

ಇನ್‌ಕಾಯ್ಸ್ ಸ್ಥಾಪನೆಯಾದದ್ದು 1999ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಓಷನ್‌ಸ್ಯಾಟ್ ಉಪಗ್ರಹ ಮೇಲೇರಿತು. ಅದುವರೆಗೆ ನೀರಿನ ಬಿಸಿಯನ್ನಷ್ಟೇ ನೋಡಿ ಮೀನಿನ ಜಾಗ ಊಹಿಸುತ್ತಿದ್ದವರಿಗೆ ಈಗ ನೀರಿನ ಬಣ್ಣವೂ ಸಿಕ್ಕಿತು. ಬಣ್ಣದಿಂದ ಸಸ್ಯ ಪ್ಲವಕಗಳ ಸುಳಿವು, ತಣ್ಣೀರು ಬಿಸಿನೀರು ಸಂಧಿಸುವ ಗೆರೆಯಿಂದ ಅವು ಜಮೆಯಾಗುವ ಜಾಗದ ಸುಳಿವು. ಅವೆರಡೂ ಕೂಡಿದ ಕಡೆ ಬಂಗುಡೆ, ಬೂತಾಯಿ ಮೇಯಲು ಬರುತ್ತವೆಂಬ ಲೆಕ್ಕಾಚಾರ. ಇನ್‌ಕಾಯ್ಸ್‌ನ ಮೊದಲ ನಿರ್ದೇಶಕ ಕೆ. ರಾಧಾಕೃಷ್ಣನ್ ಮುಂದೆ ಇಸ್ರೋ ಅಧ್ಯಕ್ಷರಾದರು. ಕಥಕಳಿ ಕಲಾವಿದರೂ ಹೌದು, ಯಕ್ಷಗಾನದ ಊರಿನವರಾದ ನಮಗೆ ಅದೂ ಒಂದು ಸಲುಗೆ. ಆರ್ಗೋ ತೇಲುಯಂತ್ರಗಳು ಹಿಂದೂ ಮಹಾಸಾಗರಕ್ಕೆ ಇಳಿದದ್ದು ಅವರ ಕಾಲದಲ್ಲಿ. ಸಾವಿರ ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಬಿಸಿ ಮತ್ತು ಉಪ್ಪಿನಂಶ ಅಳೆಯುತ್ತ ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸುವ ಯಂತ್ರಗಳವು. ಈ ಅಳತೆಗಳಿಲ್ಲದಿದ್ದರೆ ಕಂಪ್ಯೂಟರ್ ಮಾದರಿಯಲ್ಲಿ ಕಾಣುವ ಕಡಲು ಬರೀ ಚಿತ್ರ.

ಆದರೆ ನಾನು ದೊಡ್ಡದೆಂದು ಎಣಿಸುವುದು ಇವುಗಳನ್ನಲ್ಲ, ಮೀನಿನ ಜಾಗ ತಿಳಿಸುವ ಕನ್ನಡದ ಪಟ್ಟಿಯನ್ನು. ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ. ಮೊದಲು ಫ್ಯಾಕ್ಸ್‌ನಲ್ಲಿ ಬಂದದ್ದನ್ನು ನಮ್ಮಂಥವರು ಫಲಕಕ್ಕೆ ಏರಿಸುತ್ತಿದ್ದೆವು. ಆಮೇಲೆ ಬಂದರುಗಳಲ್ಲಿ ವಿದ್ಯುನ್ಮಾನ ಫಲಕಗಳೇ ಬಂದವು. ಆಳವನ್ನು ಮಾರಿನ ಲೆಕ್ಕಕ್ಕೆ ತಿರುಗಿಸಿ ಹೇಳಿದಾಗಲೇ ಹಿರಿಯ ತಾಂಡೇಲರು ತಲೆಯೆತ್ತಿ ನೋಡಿದ್ದು. ಮೀನು ಸಿಕ್ಕ ದಿನ ಯಾರೂ ಹೇಳುತ್ತಿರಲಿಲ್ಲ, ಸಿಗದ ದಿನ ಎಲ್ಲರೂ ಹೇಳುತ್ತಿದ್ದರು! ಈ ಪಟ್ಟಿಯಿಂದ ದೊಡ್ಡ ಬೋಟುಗಳಿಗೇ ಲಾಭ, ನಾಡದೋಣಿಗೆ ಏನು ಬಂತು ಎಂಬ ತಕರಾರೂ ಇತ್ತು. ಎರಡೂ ಕಡೆಯವರು ಈ ಸಂಚಿಕೆ ಓದುವವರೇ ಆದ್ದರಿಂದ ಅದನ್ನು ಕೆದಕುವುದಿಲ್ಲ.

2004ರ ಸುನಾಮಿ, 2007ರ ಅಕ್ಟೋಬರಿನಲ್ಲಿ ಮುನ್ನೆಚ್ಚರಿಕೆ ಕೇಂದ್ರ, 2009ರಲ್ಲಿ ಎರಡನೇ ಓಷನ್‌ಸ್ಯಾಟ್, ಅಲೆ ಮತ್ತು ಪ್ರವಾಹಗಳ ದೈನಂದಿನ ಮುನ್ಸೂಚನೆ: ಇವೆಲ್ಲ ಪತ್ರಿಕೆಗಳಲ್ಲಿ ಬಂದವೇ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡುಗಳ ಬಹಳ ಮೀನುಗಾರರು ಮರಳಲಿಲ್ಲ. ಯಾರು ಯಾವಾಗ ಎಚ್ಚರಿಸಿದರು ಎಂಬ ಚರ್ಚೆ ಆಗ ಕಾವೇರಿತ್ತು. ಅದರ ತೀರ್ಪು ಇಂಥ ಲೇಖನದ ಕೆಲಸವಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೂ ಉಪಗ್ರಹದ ಮೂಲಕ ಸಂದೇಶ ಮುಟ್ಟಿಸುವ ‘ಜೆಮಿನಿ’ ಸಾಧನ 2019ರಲ್ಲಿ ಬಂತೆಂದಷ್ಟೇ ಹೇಳುತ್ತೇನೆ. ಅದರಲ್ಲಿ ಸಂದೇಶ ಬರುತ್ತದೆ, ಕಡಲಿನಿಂದ ಉತ್ತರ ಕಳಿಸಲಾಗದು.

ಈಗಿನ ಕೆಲಸ ಬೇರೆಯೇ ಅಳತೆಯದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕಟ್ಟಿದ ಭೂವ್ಯವಸ್ಥೆಯ ಮಾದರಿ ಜಾಗತಿಕ ಹವಾಮಾನ ಮಾದರಿಗಳ ಸಾಲಿನಲ್ಲಿ ಭಾರತದ ಮೊದಲ ಕೊಡುಗೆ. 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಬಿಸಿಯಾಗಿದೆ ಎಂದು 2020ರ ಸರ್ಕಾರಿ ವರದಿ ಹೇಳಿತು. 2021ರಲ್ಲಿ ಒಪ್ಪಿಗೆ ಪಡೆದ ಆಳ ಸಾಗರ ಯೋಜನೆಯಲ್ಲಿ ‘ಸಾಗರ ಹವಾಮಾನ ಬದಲಾವಣೆ ಸಲಹಾ ಸೇವೆ’ ಎಂಬ ಪ್ರತ್ಯೇಕ ವಿಭಾಗವೇ ಇದೆ. ನಾಳೆಯ ಮೀನಿನ ಜೊತೆಗೆ ಮುಂದಿನ ದಶಕಗಳ ನೀರಿನ ಮಟ್ಟ, ಅಲೆ, ಚಂಡಮಾರುತ, ಮೀನುಗಾರಿಕೆ ಎಲ್ಲದರ ಅಂದಾಜನ್ನೂ ಕರಾವಳಿಯ ಅಳತೆಗೆ ಇಳಿಸುವ ಉದ್ದೇಶ ಅದರದು.

ಇದು ನಮ್ಮವರಿಗೆ ದೂರದ ಮಾತಲ್ಲ. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೇ ದಿಬ್ಬ ಕಟ್ಟಿದ್ದನ್ನು ಕಂಡಿದ್ದೇವೆ. ಕಲ್ಲು ಹಾಕಿದ ಕಡೆ ದಂಡೆ ಉಳಿದರೆ ಪಕ್ಕದೂರಿನ ದಂಡೆಗೆ ಕೊರೆತ ಎಂಬುದನ್ನು ಮೀನುಗಾರರು ಯಾವತ್ತಿನಿಂದಲೋ ಹೇಳುತ್ತಿದ್ದಾರೆ. ಇನ್ನು ಮುಂದೆ ತಡೆಗೋಡೆಯ ನಕ್ಷೆ ತರುವ ಇಂಜಿನಿಯರನ್ನು ಸಂಘದವರು ಒಂದು ಪ್ರಶ್ನೆ ಕೇಳಬಹುದು: ಅಲೆಯ ಲೆಕ್ಕ ಹಿಂದಿನ ವರ್ಷಗಳದ್ದೋ, ಮುಂದಿನ ವರ್ಷಗಳದ್ದೋ?