ಬೆಳತೂರಿನ ಪಡುವಣ ಮೊರಡಿ

ಹಗ್ಗ ಬಿಚ್ಚಿದ ನಾಯಿಯನ್ನು ಬಯಲಲ್ಲಿ ಹುಡುಕುವ ಕಷ್ಟ ನನಗೆ ಗೊತ್ತಾದದ್ದು ಅರಕ್ಕೋಣಂ ಹತ್ತಿರ, ಗೆಳೆಯನೊಬ್ಬನ ತೋಟದಲ್ಲಿ. ಚೆನ್ನೈನ ಫ್ಲ್ಯಾಟಿನಲ್ಲಿ ಬೆಳೆದ ನಾಯಿ ನಮ್ಮದು. ಮೊಲವೋ ಮುಂಗುಸಿಯೋ ಏನನ್ನು ಕಂಡಿತೋ, ಕಬ್ಬಿನ ಗದ್ದೆಗೆ ನುಗ್ಗಿದ್ದು ಮತ್ತೆ ಕಾಣಲಿಲ್ಲ. ಹೆಸರು ಹಿಡಿದು ಕೂಗಿದೆವು, ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸಿದೆವು. ಅದರ ಕುತ್ತಿಗೆಯ ಜಿಪಿಎಸ್ ಬಿಲ್ಲೆ ನೆಟ್‌ವರ್ಕ್ ಸಿಗದೆ ಅರ್ಧ ಗಂಟೆ ಹಿಂದಿನ ಜಾಗವನ್ನೇ ತೋರಿಸುತ್ತಿತ್ತು. ತೋಟ ನೋಡಿಕೊಳ್ಳುವ ಮುದುಕರು ಮಾತ್ರ ಗಾಬರಿಯಾಗಲಿಲ್ಲ. ಬಿಟ್ಟ ಜಾಗದಲ್ಲೇ ನೀವು ಉಟ್ಟ ಬಟ್ಟೆಯೊಂದನ್ನು ಹಾಸಿ ಕೂತಿರಿ, ಅದೇ ಬರುತ್ತದೆ ಎಂದರು. ಕೂತೆವು.

ಹಾಗೆ ಕೂತಿದ್ದಾಗ ನೆನಪಾದದ್ದು ಕಾಳಿ. ಅರಕ್ಕೋಣಂ ಆಸುಪಾಸಿನಲ್ಲೇ ತಕ್ಕೋಲಂ ಇದೆ. ಚೆಂಗಲ್‌ಪಟ್ಟು ರೈಲುಮಾರ್ಗದ ಒಂದು ಸಣ್ಣ ಸ್ಟೇಷನ್. 949ರ ಸುಮಾರಿಗೆ ಅಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗವಾಯಿತು. ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗ, ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರರಲ್ಲಿ ಮಣಲೆರ ಎಂಬವನೂ ಇದ್ದ. ಇವೆಲ್ಲ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಶಕ 872ರ ಕನ್ನಡ ಶಾಸನದಲ್ಲಿವೆ. ತಕ್ಕೋಲಂನಿಂದ ಆತಕೂರಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರದ ಯುದ್ಧದ ಸುದ್ದಿ ಈ ಹಳ್ಳಿಯ ಕಲ್ಲಿಗೆ ಬಂದದ್ದು ಒಂದು ನಾಯಿಯ ದೆಸೆಯಿಂದ.

ಗೆದ್ದ ಮೇಲೆ ಹಂಚಿಕೆಯಾಯಿತು. ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಈಗಿನ ಜಿಲ್ಲೆಗಳ ಲೆಕ್ಕದಲ್ಲಿ ನೋಡಿದರೂ ಸಣ್ಣ ಇನಾಮಲ್ಲ. ಮಣಲೆರನಿಗೂ ಕತ್ತಿ ತೊಳೆದದ್ದಕ್ಕೆಂದು ಕೊಡುವ ಬಾಳ್ಗಚ್ಚಿನ ಭೂಮಿ ಸಿಕ್ಕಿತು. ಆದರೆ ಮೆಚ್ಚಿದ್ದೇನೆ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ ಅವನು ಬಾಯಿಬಿಟ್ಟು ಕೇಳಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು. ಇದನ್ನು ವಿಚಿತ್ರವೆನ್ನಬೇಕಾಗಿಲ್ಲ. ನೂರೆಂಬತ್ತು ವರ್ಷ ಕಳೆದ ಮೇಲೆ ಕಲ್ಯಾಣದ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ನಾಯಿಬೇಟೆಗೆಂದೇ ಒಂದು ಪ್ರಕರಣ ಮೀಸಲಿಟ್ಟ. ಒಳ್ಳೆಯ ಬೇಟೆನಾಯಿ ಅರಸರ ಮನೆಯ ಆಸ್ತಿ.

ಮಣಲೆರ ಅದನ್ನು ಕಟ್ಟಿಹಾಕಿ ಮೆರೆಸಲಿಲ್ಲ, ಬೇಟೆಗೆ ಒಯ್ದ. ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟ. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು.

ನಾಡು, ಊರು, ದಿಕ್ಕು, ದಿಬ್ಬ: ನಾಯಿಯನ್ನು ಎಲ್ಲಿ ಬಿಟ್ಟರೆಂದು ಕಲ್ಲು ಇಷ್ಟು ಕರಾರುವಾಕ್ಕಾಗಿ ಹೇಳುತ್ತದೆ. ಹಗ್ಗ ಬಿಚ್ಚಿದವನಿಗೆ ಮೊದಲು ನೆನಪಿರಬೇಕಾದದ್ದೂ ಅದೇ ಜಾಗವಲ್ಲವೇ? ಈ ಶಾಸನವನ್ನು ಸ್ವಾಮಿನಿಷ್ಠೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಅದು ಒಪ್ಪುವುದಿಲ್ಲ. ಕಲ್ಲಿನಲ್ಲಿ ನಿಷ್ಠೆಯ ಮಾತೇ ಇಲ್ಲ, ಅಳುವೂ ಇಲ್ಲ. ಸೋತ ಹಂದಿ, ಗೆದ್ದ ನಾಯಿ ಎಂಬ ಭೇದವನ್ನೂ ಮಾಡಿಲ್ಲ. ಮೇಲೆ ಕೊರೆದ ಚಿತ್ರದಲ್ಲೂ ಎರಡೂ ಒಂದನ್ನೊಂದು ಕೆಣಕುತ್ತ ನಿಂತಿವೆ. ನನಗೆ ಕಾಣುವುದು ಬಿಟ್ಟವನ ಹೊಣೆ. ಕಾಳಿ ತಾನಾಗಿ ಹೋಗಿರಲಿಲ್ಲ, ಮಣಲೆರ ಬಿಟ್ಟಿದ್ದ. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಗುಡಿಯ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳಲಿ ಎಂದು ಶಾಪವನ್ನೂ ಬರೆಸಿದರು. ಸತ್ತ ನಾಯಿಯನ್ನು ಊರು ಮರೆಯದಂತೆ ದಿನದಿನದ ಅನ್ನಕ್ಕೇ ಗಂಟು ಹಾಕಿದ ಏರ್ಪಾಡು ಇದು. ಪಟ್ಟಿಗೆ ಸಿಕ್ಕಿಸುವ ಯಾವ ಬಿಲ್ಲೆಯೂ ಇಷ್ಟು ಬಾಳಿಕೆ ಬರಲಾರದು.

ತಮಿಳುನಾಡಿನಲ್ಲಿರುವ ನಮಗೆ ಇದರ ಹಿರಿಯ ನೆಂಟನೊಂದು ಹತ್ತಿರದಲ್ಲೇ ಇದೆ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನ ನಡುಗಲ್ಲು ಪಲ್ಲವ ಮಹೇಂದ್ರವರ್ಮನ ಕಾಲದ್ದು. ದನಗಾಹಿಗಳ ನಾಡಿನ ಕಥೆ: ಕರುಂದೇವಕತ್ತಿ ಎಂಬ ವೀರ ಸತ್ತ, ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿತು. ಅಲ್ಲಿ ನಾಯಿ ಒಡೆಯನ ಪಕ್ಕದಲ್ಲಿದೆ. ಆತಕೂರಿನಲ್ಲಿ ಕಾಳಿ ಒಂಟಿ, ಎದುರಿಗೆ ಹಂದಿ ಮಾತ್ರ.

ತಕ್ಕೋಲಂ ಯುದ್ಧದ ಬಗ್ಗೆ ಬರೆಯುವ ಯಾರೂ ಆತಕೂರನ್ನು ಬಿಟ್ಟು ಬರೆಯಲಾರರು. ಬೂತುಗ ರಾಜಾದಿತ್ಯನನ್ನು ಕೊಂದದ್ದು ಮೋಸದಿಂದಲೋ ಅಂಬಾರಿಯ ಮೇಲಿನ ನೇರ ಕಾಳಗದಲ್ಲೋ ಎಂದು ವಿದ್ವಾಂಸರು ಇದೇ ಕಲ್ಲಿನ ಒಂದೆರಡು ಅಕ್ಷರಗಳನ್ನು ಹಿಡಿದು ವಾದಿಸಿದ್ದಾರೆ. ಅರಸರ ಮಾನ ನಾಯಿಯ ಕಲ್ಲಿನಲ್ಲಿ ನಿಂತಿದೆ ಎಂದರೆ ನಗು ಬರುತ್ತದೆ.

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗುಡಿಯ ಮುಂದಿನ ಕಲ್ಲೆಂದು ತನ್ನ ಬಗ್ಗೆ ಈಗಲೂ ಹೇಳಿಕೊಳ್ಳುತ್ತದೆ, ಗುಡಿ ಅಲ್ಲಿಲ್ಲ. ಊರು ಬಿಟ್ಟವರ ಕಾಯಂ ವಿಳಾಸದ ಹಾಗೆ ಎಂದು ಗೆಳೆಯ ತಮಾಷೆ ಮಾಡಿದ.

ನಮ್ಮ ನಾಯಿ ಹೊತ್ತು ಮುಳುಗುವ ಮುಂಚೆ ಬಂತು, ಮೈತುಂಬ ಮುಳ್ಳುಕಾಯಿ ಅಂಟಿಸಿಕೊಂಡು, ಬಂದು ಆ ಬಟ್ಟೆಯ ಮೇಲೇ ಮಲಗಿತು. ಮುಂದಿನ ಸಲ ಊರಿಗೆ ಹೋದಾಗ ಬೆಳತೂರಿನ ಪಡುವಣಕ್ಕೆ ಹೋಗಿ ಮೊರಡಿ ಯಾವುದೆಂದು ಕೇಳಬೇಕೆಂದಿದ್ದೇನೆ. ನಾಯಿಯನ್ನೂ ಕರೆದೊಯ್ಯುತ್ತೇನೆ, ಹಗ್ಗ ಬಿಚ್ಚದೆ.