ಧಾರವಾಡಕ್ಕೆ ಕಳಿಸಬೇಕು

ನಮ್ಮ ಕಡೆ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ಸಾಕು, ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ’ ಎನ್ನುತ್ತಾರೆ. ಪೇಡೆ ತಿನ್ನಲಿಕ್ಕಲ್ಲ, ಕಾಲೇಜು ಓದಲಿಕ್ಕೂ ಅಲ್ಲ. ಅಲ್ಲಿಯ ಹುಚ್ಚರ ಆಸ್ಪತ್ರೆಗೆ. ಚಿಕ್ಕವಳಿದ್ದಾಗ ನಾನೂ ಈ ಮಾತು ಆಡಿ ನಕ್ಕವಳೇ.

ಆ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ಆಗ ಅದರ ಹೆಸರಿನಲ್ಲಿ ಆಸ್ಪತ್ರೆ ಎಂಬ ಶಬ್ದವೇ ಇರಲಿಲ್ಲ, ‘ಲ್ಯೂನಟಿಕ್ ಅಸೈಲಮ್’ ಎನ್ನುತ್ತಿದ್ದರು. 1912ರ ಲ್ಯೂನಸಿ ಕಾಯ್ದೆಯಲ್ಲಿ ರೋಗಿಯನ್ನು ಒಳಗೆ ಹಾಕಲು ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಜ್ವರ ಬಂದವರಿಗೆ ಡಾಕ್ಟರು, ಮನಸ್ಸು ನೊಂದವರಿಗೆ ಕೋರ್ಟು! 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಗೆ ಬರುವ ತನಕ ಇದೇ ನಡೆಯಿತು. ಅಷ್ಟರಲ್ಲಿ ನಾನು ಬಿ.ಎಡ್. ಮುಗಿಸಿ ಶಾಲೆ ಸೇರಿಯಾಗಿತ್ತು. ಹದಿಹರೆಯದ ಬಗ್ಗೆ ಸ್ಟಾನ್ಲಿ ಹಾಲ್ 1904ರಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಬೆಂಚಿನ ಮೇಲೆ ಕುಳಿತ ಹುಡುಗಿಯ ಮುಖ ಓದುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

1996ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬಳಿದ್ದಳು. ಮುತ್ತಿನಂಥ ಅಕ್ಷರ. ದೀಪಾವಳಿ ರಜೆ ಮುಗಿಸಿ ಬಂದವಳು ಮಾತು ಬಿಟ್ಟಳು. ಜಡೆ ಹಾಕಿಕೊಳ್ಳುತ್ತಿರಲಿಲ್ಲ, ಬುತ್ತಿ ಬಿಚ್ಚುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಸೋಗು ಎಂದರು, ಇನ್ನೊಬ್ಬರು ಪ್ರೇಮಪ್ರಕರಣ ಎಂದರು. ನಾನು ಸೋಗು ಎಂದೇ ನಂಬಿ ಒಂದು ದಿನ ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದೆ. ಅವಳು ಗಂಟೆ ಬಾರಿಸಿದ ಮೇಲೂ ಅಲ್ಲೇ ನಿಂತಿದ್ದಳು. ಆಗ ಹೆದರಿಕೆಯಾಯಿತು.

ತಾಯಿಯನ್ನು ಕರೆಸಿದೆ. ‘ಗಾಳಿ ಸೋಕೇತ್ರಿ ಅಕ್ಕಾರ, ತಾಯತ ಕಟ್ಟಿಸೇವಿ’ ಎಂದಳು. ‘ಒಮ್ಮೆ ಧಾರವಾಡಕ್ಕ ತೋರಸ್ರಿ’ ಎಂದೆ. ಆಕೆಯ ಮುಖ ಕಪ್ಪಿಟ್ಟಿತು. ‘ನನ್ನ ಮಗಳಿಗೆ ಹುಚ್ಚ ಅಂತೀರೇನ್ರಿ? ನಾಳೆ ಯಾರ ಮಾಡ್ಕೋತಾರ ಆಕೀನ?’ ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನಾವೆಲ್ಲ ನಕ್ಕ ಮಾತೇ ಅಡ್ಡ ಬಂದಿತ್ತು. ಆಕೆಯ ಭಯ ಬರೀ ಭ್ರಮೆಯೂ ಅಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲೇ ಮತಿಭ್ರಮಣೆಯ ಮಾತಿದೆ; ಮೂರ್ಛೆರೋಗವನ್ನೂ ಅದರ ಪಕ್ಕದಲ್ಲಿ ಕೂಡಿಸಿದ್ದರು, ಅದನ್ನು ತೆಗೆದದ್ದು 1999ರಲ್ಲಿ.

ಬೇರೆ ದಾರಿ ಇರಲಿಲ್ಲವೆ? 1985ರ ಸುಮಾರಿಗೇ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಊರಲ್ಲೇ ಗುಳಿಗೆ ಸಿಗುವಂತೆ ಮಾಡಿ ತೋರಿಸಿದ್ದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಇಡೀ ದೇಶದಲ್ಲಿ ಕೇವಲ 4 ಜಿಲ್ಲೆಗಳಲ್ಲಿ. ಕರ್ನಾಟಕದ್ದು ಒಂದೂ ಇರಲಿಲ್ಲ. ನಮ್ಮ ತಾಲೂಕಿಗೆ ಗಾಳಿ ಬಿಡಿಸುವವರೇ ಹತ್ತಿರವಿದ್ದರು.

2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮನಸ್ಸಿನ ತೊಂದರೆ ಕಂಡಿತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ನಾನು ಹಾಜರಿ ಕರೆಯುವಾಗ ಈಗಲೂ ಎಣಿಸುತ್ತೇನೆ. 2022ರಲ್ಲಿ ಟೆಲಿ-ಮಾನಸ್ ಬಂದ ಮೇಲೆ ಅದರ 14416 ನಂಬರನ್ನು ಹಲಗೆಯ ಮೂಲೆಯಲ್ಲಿ ಬರೆದಿದ್ದೇನೆ. ಎದುರಿಗೆ ಯಾರೂ ಬರೆದುಕೊಳ್ಳುವುದಿಲ್ಲ.

ಮೊನ್ನೆ ಸಂತೆಯಲ್ಲಿ ಆ ತಾಯಿ ಸಿಕ್ಕಿದ್ದಳು. ಮಗಳಿಗೆ ಮದುವೆ ಮಾಡಿದರಂತೆ, ಎರಡೇ ವರ್ಷಕ್ಕೆ ತವರಿಗೆ ಕಳಿಸಿದರಂತೆ. ಈಗ ತಿಂಗಳಿಗೊಮ್ಮೆ ಧಾರವಾಡಕ್ಕೆ ಕರೆದುಕೊಂಡು ಹೋಗಿ ಗುಳಿಗೆ ತರುತ್ತಾರೆ. ಮಗಳು ಹೊಲಿಗೆ ಹಾಕುತ್ತಾಳಂತೆ, ಊಟ ಮಾಡುತ್ತಾಳಂತೆ. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ ಅಂದಳು: ‘ಊರಾಗ ಯಾರರ ಕೇಳಿದ್ರ ಸಕ್ಕರಿ ಬ್ಯಾನಿ ಗುಳಿಗಿ ಅಂತ ಹೇಳ್ತೀವ್ರಿ ಅಕ್ಕಾರ. ನೀವೂ ಹಂಗs ಹೇಳ್ರಿ.’