ಸೋತೆನೆಂದು ಹೇಳಲು ಕಲಿತ ಯಂತ್ರ

ಮಗ ದೂರದ ಊರಿಗೆ ಹೊರಟು ನಿಂತಾಗ ಮನೆಯ ಹಿರಿಯರು ಹೇಳುವ ಕೊನೆಯ ಮಾತು ಒಂದೇ: ತಲುಪಿದ ಕೂಡಲೆ ಒಂದು ಮಾತು ತಿಳಿಸು. ಉದ್ದನೆಯ ಪತ್ರವೇನೂ ಬೇಕಿಲ್ಲ. ‘ಕ್ಷೇಮ’ ಎಂಬ ಎರಡಕ್ಷರ ಸಾಕು. ಆ ಎರಡಕ್ಷರ ಬಾರದಿದ್ದರೆ ಮಾತ್ರ ಮನೆಯಲ್ಲಿ ಯಾರಿಗೂ ಊಟ ಸೇರದು. ಮೌನವು ಸಮ್ಮತಿಯ ಲಕ್ಷಣವೆಂದು ಬಲ್ಲವರು ಹೇಳಿದ್ದಾರೆ, ನಿಜ. ಆದರೆ ಮೌನವು ಆಪತ್ತಿನ ಲಕ್ಷಣವೂ ಆಗಬಹುದು ಎಂಬುದು ಕಾದು ಕುಳಿತ ತಾಯಿಗೆ ಗೊತ್ತು.

ಗಣಕಯಂತ್ರಕ್ಕೆ ಕೆಲಸ ಒಪ್ಪಿಸುವವರಿಗೂ ಇದೇ ಚಿಂತೆ. ಕೊಟ್ಟ ಕೆಲಸ ಆಯಿತೆ, ಇಲ್ಲವೆ? ಆಗದಿದ್ದರೆ ಅದನ್ನು ಯಾರು, ಯಾರಿಗೆ, ಹೇಗೆ ಹೇಳಬೇಕು? ಈ ಪುಟ್ಟ ಪ್ರಶ್ನೆಗೆ ಉತ್ತರ ಹುಡುಕಿದ ಕತೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

1964ರ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಸಂಸ್ಥೆ ‘ಸಿಸ್ಟಂ/360’ ಎಂಬ ಯಂತ್ರಕುಟುಂಬವನ್ನು ಪ್ರಕಟಿಸಿತು. ಆಗ ಯಂತ್ರದ ಮುಂದೆ ಕುಳಿತು ಮಾತನಾಡುವ ಪದ್ಧತಿ ವಿರಳ. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಗಂಟೆಗಳ ಬಳಿಕ ಫಲಿತಾಂಶ ಪಡೆಯಬೇಕಾಗಿತ್ತು. ಒಂದು ಕೆಲಸದಲ್ಲಿ ಹಲವು ಹಂತಗಳು. ಮೊದಲ ಹಂತ ಕೆಟ್ಟಿದ್ದರೆ ಎರಡನೆಯದನ್ನು ನಡೆಸಿ ಏನು ಫಲ? ಆದ್ದರಿಂದ ಪ್ರತಿಯೊಂದು ಕ್ರಮವಿಧಿಯೂ ಮುಗಿಯುವಾಗ ಒಂದು ಅಂಕಿಯನ್ನು ಬಿಟ್ಟುಹೋಗುವ ಏರ್ಪಾಡಾಯಿತು. 0 ಎಂದರೆ ಎಲ್ಲವೂ ಸರಿ. 4 ಎಂದರೆ ಎಚ್ಚರಿಕೆ. 8 ಎಂದರೆ ತಪ್ಪು. 12 ಮತ್ತು 16 ಇನ್ನೂ ಗಂಭೀರ. ನಾಲ್ಕರ ಮಗ್ಗಿಯೇ ಏಕೆ ಎನ್ನುವಿರಾ? ಆ ಯಂತ್ರದಲ್ಲಿ ಬೇರೆಡೆಗೆ ಜಿಗಿಯುವ ಆಜ್ಞೆಯೊಂದರ ಉದ್ದ ನಾಲ್ಕು ಬೈಟು. ಅಂತಹ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟರೆ, ಬಂದ ಅಂಕಿಯನ್ನು ಕೂಡಿದ ಮಾತ್ರಕ್ಕೆ ಸರಿಯಾದ ಆಜ್ಞೆಯ ಮೇಲೆ ಕಾಲಿಡಬಹುದಾಗಿತ್ತು. ಲೆಕ್ಕದ ಅನುಕೂಲವೇ ಸಂಪ್ರದಾಯವಾಯಿತು.

1969ರಲ್ಲಿ ನ್ಯೂಜೆರ್ಸಿಯ ಮರ‍್ರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲಾರಂಭಿಸಿದರು; ಡೆನಿಸ್ ರಿಚಿ ಜೊತೆಗೂಡಿದರು. ಇಲ್ಲಿ ಮನುಷ್ಯ ಕೀಲಿಮಣೆಯಲ್ಲಿ ಒಂದು ಸಾಲು ಆಜ್ಞೆ ಒತ್ತುತ್ತಾನೆ, ಯಂತ್ರ ಅದನ್ನು ನೆರವೇರಿಸುತ್ತದೆ. ಆಗಿನ ಟೆಲಿಟೈಪು ಸೆಕೆಂಡಿಗೆ ಹತ್ತು ಅಕ್ಷರಗಳನ್ನಷ್ಟೇ ಮುದ್ರಿಸಬಲ್ಲುದು. ‘ಆಯಿತು ಸ್ವಾಮಿ, ಮುಗಿಯಿತು ಸ್ವಾಮಿ’ ಎಂದು ಹರಟಲು ವೇಳೆಯೆಲ್ಲಿ? ಗೆದ್ದ ಕ್ರಮವಿಧಿ ಬಾಯಿ ಬಿಡದೆ ನಿರ್ಗಮಿಸುವುದು ಅಲ್ಲಿನ ಶಿಷ್ಟಾಚಾರವಾಯಿತು. ಆದರೂ ಹೋಗುವಾಗ ಗುಟ್ಟಾಗಿ ಒಂದು ಅಂಕಿಯನ್ನು ತನ್ನನ್ನು ಕರೆದವರ ಕೈಯಲ್ಲಿಡಬೇಕು. ಸೊನ್ನೆಯಾದರೆ ಕ್ಷೇಮ, ಬೇರೆ ಏನಾದರೂ ಆದರೆ ಸೋಲು.

ಶೂನ್ಯವೇ ಗೆಲುವಿನ ಗುರುತಾಗುವುದು ನಮಗೆ ವಿಚಿತ್ರವಾಗಿ ತೋರಬಹುದು. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಯಾರೂ ಪೇಡೆ ಹಂಚುವುದಿಲ್ಲ. ಆದರೆ ಆಲೋಚಿಸಿ ನೋಡಿ: ಕೆಲಸ ಸರಿಯಾಗುವ ಬಗೆ ಒಂದೇ, ಕೆಡುವ ಬಗೆ ನೂರು. ಗೆಲುವಿಗೆ ಒಂದು ಅಂಕಿ ಸಾಕು. ಸೋಲಿಗೆ ಹಲವು ಬೇಕು. ಹೀಗಾಗಿ ಒಂದೇ ಬೈಟಿನಲ್ಲಿ, 1ರಿಂದ 255ರವರೆಗಿನ ಅಂಕಿಗಳೆಲ್ಲ ಸೋಲಿನ ಪಾಲಿಗೆ ಬಂದವು.

ಈ ಬೈಟಿನಲ್ಲಿ ಒಂದು ಬಲೆಯೂ ಅಡಗಿದೆ. ತಾನು ಕಂಡ ತಪ್ಪುಗಳ ಸಂಖ್ಯೆಯನ್ನೇ ನಿರ್ಗಮನದ ಅಂಕಿಯಾಗಿ ಕೊಡುವ ಕ್ರಮವಿಧಿಯೊಂದನ್ನು ಊಹಿಸಿಕೊಳ್ಳಿ. ತಪ್ಪುಗಳು ಸರಿಯಾಗಿ 256 ಆದರೆ ಆ ಸಂಖ್ಯೆ ಬೈಟಿನಲ್ಲಿ ಹಿಡಿಸದೆ ಮತ್ತೆ 0 ಆಗುತ್ತದೆ. ಇನ್ನೂರ ಐವತ್ತಾರು ತಪ್ಪುಗಳು ಕೂಡಿ ‘ಎಲ್ಲ ಕ್ಷೇಮ’ ಎಂಬ ಓಲೆ ಕಳುಹಿಸುತ್ತವೆ!

ಅಂಕಿಗಳ ವಿವೇಕಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಕಡತದಲ್ಲಿ ಒಂದು ಪದವನ್ನು ಹುಡುಕಿಕೊಡುವ ‘ಗ್ರೆಪ್’ ಎಂಬ ಆಜ್ಞೆಯಿದೆ. ಪದ ಸಿಕ್ಕಿದರೆ ಅದು 0 ಕೊಡುತ್ತದೆ, ಸಿಗದಿದ್ದರೆ 1. ಕಡತವನ್ನೇ ತೆರೆಯಲಾಗದಿದ್ದರೆ 2. ‘ಹುಡುಕಿದೆ, ಇಲ್ಲ’ ಎಂಬುದು ಬೇರೆ. ‘ಹುಡುಕಲೇ ಆಗಲಿಲ್ಲ’ ಎಂಬುದು ಬೇರೆ. ವೈದ್ಯರು ರೋಗವಿಲ್ಲ ಎಂದರೆ ನೆಮ್ಮದಿ. ರಕ್ತದ ಸೀಸೆ ಒಡೆದುಹೋಯಿತೆಂದರೆ ನೆಮ್ಮದಿಯೆ? ಈ ಎರಡನ್ನು ಬೆರೆಸಿ ಮೋಸಹೋದವರು ಬಹಳ.

1973ರಲ್ಲಿ, ಡಗ್ಲಸ್ ಮ್ಯಾಕಿಲ್‌ರಾಯ್ ಅವರ ಒತ್ತಾಯದಿಂದ, ಥಾಂಪ್ಸನ್ ಯುನಿಕ್ಸಿಗೆ ಕೊಳವೆಗಳನ್ನು ಸೇರಿಸಿದರು. ಒಂದು ಕ್ರಮವಿಧಿಯ ಬರಹ ನೇರವಾಗಿ ಇನ್ನೊಂದರ ಬಾಯಿಗೆ ಹರಿಯತೊಡಗಿತು. ಆಗ ಹೊಸ ಪೇಚು ಹುಟ್ಟಿತು. ದೂರಿನ ಮಾತೂ ಫಲಿತಾಂಶವೂ ಒಂದೇ ಕಾಲುವೆಯಲ್ಲಿ ಹರಿಯುತ್ತಿದ್ದುದರಿಂದ, ‘ಕಡತ ತೆರೆಯಲಾಗದು’ ಎಂಬ ಗೋಳನ್ನು ಮುಂದಿನ ಕ್ರಮವಿಧಿ ಸರಕೆಂದೇ ನುಂಗುತ್ತಿತ್ತು. ಪ್ರಯೋಗಶಾಲೆಯಲ್ಲಿ ಅಕ್ಷರಗಳನ್ನು ಬೆಳಕಿನಿಂದ ಛಾಯಾಕಾಗದದ ಮೇಲೆ ಮೂಡಿಸುವ ಯಂತ್ರವೊಂದಿತ್ತು. ಕಾಗದವನ್ನು ರಾಸಾಯನಿಕದಲ್ಲಿ ತೊಳೆದು ನೋಡಿದರೆ, ಬೇಕಾದ ಪುಟದ ಬದಲು ಅಂದವಾದ ಅಚ್ಚಿನಲ್ಲಿ ಬರೇ ದೋಷಸೂಚನೆ ಮೂಡಿರುತ್ತಿತ್ತೆಂದು ಅಲ್ಲಿದ್ದವರು ನೆನೆದಿದ್ದಾರೆ.

1975ರ ಆರನೆಯ ಆವೃತ್ತಿಯ ಬಳಿಕ ರಿಚಿ ಈ ಗಂಟನ್ನು ಬಿಡಿಸಿದರು. ಫಲಿತಾಂಶಕ್ಕೆ ಒಂದು ಕಾಲುವೆ, ದೂರಿಗೆ ಪ್ರತ್ಯೇಕವಾದ ಇನ್ನೊಂದು. 1979ರ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ರಚಿಸಿದ ‘ಶೆಲ್’, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ದ್ವಾರಪಾಲಕ, ಈ ಕಾಲುವೆಯನ್ನು ಬೇಕಾದೆಡೆಗೆ ತಿರುಗಿಸುವ ಸೌಕರ್ಯ ಕೊಟ್ಟಿತು. ಮೊದಲ ಕೆಲಸ ಸೊನ್ನೆ ಕೊಟ್ಟರೆ ಮಾತ್ರ ಎರಡನೆಯದನ್ನು ಮಾಡು ಎಂದು ಹೇಳುವ ಬಗೆಯನ್ನೂ ಕೊಟ್ಟಿತು. ಒಂದು ಕೊರತೆ ಮಾತ್ರ ಉಳಿಯಿತು. ಕೊಳವೆಯ ಸಾಲಿನಲ್ಲಿ ಕೊನೆಯವನ ಅಂಕಿಗಷ್ಟೇ ಬೆಲೆ. ಮೊದಲನೆಯವನು ನೆಲಕಚ್ಚಿದರೂ ಕೊನೆಯವನು ನಿಂತಿದ್ದರೆ ಇಡೀ ಸಾಲು ಗೆದ್ದಂತೆ. ಬ್ಯಾಷ್ ಎಂಬ ಶೆಲ್ಲಿಗೆ ಇದಕ್ಕೆ ಮದ್ದು 2004ರಲ್ಲಿ ಬಂತು. ಪಾಸಿಕ್ಸ್ ಎಂಬ ಮಾನದಂಡ ಅದನ್ನು ಒಪ್ಪಿಕೊಂಡದ್ದು 2024ರಲ್ಲಿ.

ದೂರನ್ನೂ ಸರಕನ್ನೂ ಬೆರೆಸಿದರೆ ಹಾಳಾಗುವುದು ಕಾಗದವಷ್ಟೇ ಅಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಯೂರೋಪಿನ ಏರಿಯಾನ್–5 ರಾಕೆಟ್ಟು ತನ್ನ ಮೊದಲ ಯಾತ್ರೆಗೆ ಹೊರಟಿತು. ಹಿಂದಿನ ಏರಿಯಾನ್–4ರಿಂದ ಬಂದ ಮಾರ್ಗದರ್ಶಕ ಯಂತ್ರದೊಳಗೆ, 64 ಬಿಟ್ಟಿನ ಒಂದು ದೊಡ್ಡ ಸಂಖ್ಯೆ 16 ಬಿಟ್ಟಿನ ಪಾತ್ರೆಯಲ್ಲಿ ಹಿಡಿಸದೆ ಹೋಯಿತು. ಬದಲಿ ಯಂತ್ರವೂ ಅದೇ ಕಾರಣದಿಂದ ಆಗಲೇ ಕುಸಿದಿತ್ತು. ಕುಸಿದ ಯಂತ್ರ ತನ್ನ ರೋಗಲಕ್ಷಣವನ್ನು ವರದಿ ಮಾಡಿತು. ಆದರೆ ರಾಕೆಟ್ಟಿನ ಮುಖ್ಯ ಗಣಕ ಆ ವರದಿಯನ್ನೇ ದಿಕ್ಕಿನ ಲೆಕ್ಕವೆಂದು ಓದಿತು! ಆಗದ ತಿರುವೊಂದನ್ನು ಸರಿಪಡಿಸಲು ಹೋಗಿ ರಾಕೆಟ್ಟನ್ನು ವಾಲಿಸಿತು. ಹೊರಟು ಒಂದು ನಿಮಿಷವೂ ಆಗುವ ಮೊದಲೆ ರಾಕೆಟ್ಟೂ ಅದರಲ್ಲಿದ್ದ ನಾಲ್ಕು ಉಪಗ್ರಹಗಳೂ ಚೂರುಚೂರಾದವು.

ದೂರು ಹೇಳಿದರೂ ಕೇಳುವವರಿಲ್ಲದಿದ್ದರೆ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ದತ್ತಾಂಶ ಕೈತಪ್ಪಿನಿಂದ ಅಳಿಸಿಹೋಯಿತು. ಪ್ರತಿಗಾಗಿ ಹುಡುಕಿದರೆ ಪ್ರತಿಯೇ ಇಲ್ಲ. ಪ್ರತಿ ತೆಗೆಯುವ ಆಜ್ಞೆ ಆವೃತ್ತಿಯ ಹೊಂದಾಣಿಕೆಯಿಲ್ಲದೆ ಸೋಲುತ್ತಿತ್ತು. ಸೋಲನ್ನು ತಿಳಿಸುವ ಪತ್ರಗಳೇನೋ ಹೊರಡುತ್ತಿದ್ದುವು. ಅಂಚೆಯ ನಿಯಮವೊಂದರಿಂದಾಗಿ ಬಾಗಿಲಲ್ಲೇ ತಿರಸ್ಕೃತವಾಗುತ್ತಿದ್ದುವು. ಬೇರೊಂದು ಕಾರಣಕ್ಕೆ ಒಬ್ಬ ಕೆಲಸಗಾರ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ ಮಾನ ಕಾಪಾಡಿತು. ನಡುವಿನ ಆರು ಗಂಟೆಗಳ ದತ್ತಾಂಶ ಮರಳಿ ಬರಲಿಲ್ಲ.

ಇಂದು ನೀವು ದೀಪದ ಬಿಲ್ಲು ಕಟ್ಟಿದಾಗ, ರೈಲಿನ ಟಿಕೆಟು ಕಾದಿರಿಸಿದಾಗ, ತೆರೆಯ ಹಿಂದೆ ಇಂತಹ ಎಷ್ಟೋ ಕ್ರಮವಿಧಿಗಳು ಒಂದರ ಕೈಯಲ್ಲೊಂದು ಅಂಕಿ ಇಟ್ಟು ನಿರ್ಗಮಿಸುತ್ತಿರುತ್ತವೆ. ಯಂತ್ರಕ್ಕೆ ನಾಚಿಕೆಯಿಲ್ಲ, ಸೋತೆನೆಂದು ಹೇಳಲು ಅದು ಹಿಂಜರಿಯುವುದಿಲ್ಲ. ಹಾಗೆ ಹೇಳುವ ನಾಲಗೆಯನ್ನು ಕೊಡುವವರು ನಾವು, ಆ ಮಾತಿಗೆ ಕಿವಿಗೊಡಬೇಕಾದವರೂ ನಾವೇ. ಊರು ತಲುಪಿದ ಮಗ ‘ಕ್ಷೇಮ’ ಎಂದು ಬರೆದರೆ ಸಾಲದು. ಜ್ವರ ಬಂದಾಗ ‘ಜ್ವರ’ ಎಂದೂ ಬರೆಯುವನೆಂಬ ನಂಬಿಕೆಯಿದ್ದರಷ್ಟೆ ಆ ಎರಡಕ್ಷರಕ್ಕೆ ಬೆಲೆ.